ಸವೆದದ್ದು ಕೀಯೋ ಲಾಕೋ? ಟ್ಯಾಂಕ್ ಮುಚ್ಚಳವನ್ನು ಕೇಳಿ

ಪ್ರಶ್ನೆ: ಅಪ್ಪ ಓಡಿಸುತ್ತಿದ್ದ 2006ರ ಹೀರೋ ಹೋಂಡಾ ಸ್ಪ್ಲೆಂಡರ್ ಪ್ಲಸ್ ಈಗ ನನ್ನ ಕೈಗೆ ಬಂದಿದೆ. ತೀರ್ಥಹಳ್ಳಿಯ ಮಳೆಯಲ್ಲೇ ಆಯುಸ್ಸು ಕಳೆದ ಗಾಡಿ. ಇಗ್ನಿಷನ್ ಕೀ ಹತ್ತು ಸಲ ಅಲ್ಲಾಡಿಸಿದರೆ ಒಮ್ಮೆ ತಿರುಗುತ್ತದೆ. ಓಡುತ್ತಿರುವಾಗಲೇ ಕಳಚಿಕೊಳ್ಳುತ್ತದೆ, ಹೋದ ತಿಂಗಳು ಗೊಂಚಲು ಸಮೇತ ರಸ್ತೆಗೆ ಬಿತ್ತು. ಗುಂಡಿಗೆ ಇಳಿದಾಗ ಒಮ್ಮೊಮ್ಮೆ ಇಂಜಿನ್ ಗಕ್ಕನೆ ನಿಂತು ಮತ್ತೆ ಹಿಡಿದುಕೊಳ್ಳುತ್ತದೆ. ಮೆಕ್ಯಾನಿಕ್ 'ಲಾಕ್ ಸೆಟ್ಟೇ ಬದಲಾಯಿಸಿ' ಅನ್ನುತ್ತಾರೆ. ಇನ್ನೊಬ್ಬರು ಕೀಗೆ ಸ್ವಲ್ಪ ಅರ ಹಾಕಿಸಿ ಅಂದರು. ಅಪ್ಪ ಹಿಡಿದಿದ್ದ ಕೀಯನ್ನೇ ಉಳಿಸಿಕೊಳ್ಳುವ ದಾರಿ ಇದೆಯೇ?

ಉತ್ತರ: ಅರ ಹಾಕಿಸಬೇಡಿ. ಉಳಿದದ್ದನ್ನು ನಿಧಾನಕ್ಕೆ ನೋಡೋಣ, ಇದೊಂದು ಮಾತು ಮಾತ್ರ ಈಗಲೇ ನೆನಪಿಟ್ಟುಕೊಳ್ಳಿ. ಕೆಲಸ ಕಲಿಯುವ ಕಾಲದಲ್ಲಿ ಗಿರಾಕಿಯೊಬ್ಬರ ಕೀಯನ್ನು ನಾನೇ ಅರದಲ್ಲಿ ನಯಮಾಡಿ ಹಾಳುಮಾಡಿದ್ದೇನೆ. ಅಲ್ಲಾಡಿಸಿದರೆ ತಿರುಗುತ್ತಿದ್ದ ಕೀ, ನನ್ನ ಕೈ ಬಿದ್ದ ಮೇಲೆ ತಿರುಗುವುದನ್ನೇ ಬಿಟ್ಟಿತು. ಸವೆದ ಕೀ ಈಗಾಗಲೇ ಎತ್ತರ ಕಳೆದುಕೊಂಡಿರುತ್ತದೆ. ಅರ ಇನ್ನಷ್ಟು ಇಳಿಸುತ್ತದೆಯೇ ಹೊರತು ಏರಿಸುವುದಿಲ್ಲ.

ನಿಮ್ಮ ಪತ್ರದಲ್ಲಿ ಇರುವುದು ಒಂದು ತೊಂದರೆಯಲ್ಲ, ಎರಡು. ಕೀ ತಿರುಗದಿರುವುದು ಮತ್ತು ಕಳಚುವುದು ಬೀಗದ ಕಾಯಿಲೆ. ಗುಂಡಿಯಲ್ಲಿ ಇಂಜಿನ್ ನಿಲ್ಲುವುದು ಕರೆಂಟಿನ ಕಾಯಿಲೆ. ಇಗ್ನಿಷನ್ ಲಾಕ್ ಎಂದು ನಾವು ಕರೆಯುವ ಆ ಗುಂಡಗಿನ ಡಬ್ಬಿಯಲ್ಲಿ ಮೇಲಿನ ಅರ್ಧ ಬೀಗ, ಕೆಳಗಿನ ಅರ್ಧ ಸ್ವಿಚ್. ಒಂದರ ಮೇಲೊಂದು ಕೂತಿರುವ ಇಬ್ಬರು ಬಾಡಿಗೆದಾರರಿದ್ದ ಹಾಗೆ. ಮೇಲಿನವನ ಗಲಾಟೆಗೆ ಕೆಳಗಿನವನನ್ನು, ಕೆಳಗಿನವನ ತಪ್ಪಿಗೆ ಮೇಲಿನವನನ್ನು ಬಯ್ಯುವುದು ನಮ್ಮಲ್ಲಿ ಮಾಮೂಲು. 'ಸೆಟ್ಟೇ ಬದಲಾಯಿಸಿ' ಅನ್ನುವ ಸಲಹೆ ಹುಟ್ಟುವುದೂ ಅಲ್ಲಿಂದಲೇ.

ಮೊದಲು ಬೀಗ. ಲಾಕಿನ ನಡುವೆ ತಿರುಗುವ ಸಿಲಿಂಡರ್ ಇರುತ್ತದೆ. ಅದರ ಅಡ್ಡಕ್ಕೆ ಸಣ್ಣ ಸಣ್ಣ ಸೀಳುಗಳು, ಒಂದೊಂದು ಸೀಳಿನಲ್ಲಿ ಒಂದೊಂದು ಹಿತ್ತಾಳೆಯ ತೆಳು ಬಿಲ್ಲೆ, ಬಿಲ್ಲೆಗೊಂದು ಕೂದಲಿನಂಥ ಸ್ಪ್ರಿಂಗ್. ಪ್ರತಿ ಬಿಲ್ಲೆಯ ನಡುವೆ ಚೌಕದ ಕಿಟಕಿ. ಕೀ ಆ ಕಿಟಕಿಗಳ ಮೂಲಕ ತೂರಿ ಒಳಗೆ ಹೋಗುತ್ತದೆ. ಕೀ ಇಲ್ಲದಾಗ ಬಿಲ್ಲೆಗಳು ಸಿಲಿಂಡರಿನಿಂದ ಹೊರಗೆ ಚಾಚಿಕೊಂಡು ಸುತ್ತಲಿನ ಗೂಡಿನಲ್ಲಿ ಕೊರೆದ ತೋಡಿನಲ್ಲಿ ಸಿಕ್ಕಿಕೊಂಡಿರುತ್ತವೆ. ಹಾಗಾಗಿ ಸಿಲಿಂಡರ್ ತಿರುಗದು. ಸರಿಯಾದ ಕೀ ಹೋದಾಗ ಅದರ ಹಲ್ಲುಗಳು ಒಂದೊಂದು ಬಿಲ್ಲೆಯನ್ನೂ ಬೇಕಾದಷ್ಟೇ ಎತ್ತಿ, ಎಲ್ಲವನ್ನೂ ಸಿಲಿಂಡರಿನ ಮೈಗೆ ಸಮ ಮಾಡುತ್ತವೆ. ಎಷ್ಟು ಸೂಕ್ಷ್ಮ ಅಂದರೆ, ಇಂಥ ಬೀಗಗಳಲ್ಲಿ ಹಲ್ಲಿನ ಒಂದು ಮೆಟ್ಟಿಲಿಗೂ ಮುಂದಿನ ಮೆಟ್ಟಿಲಿಗೂ ಇರುವ ಅಂತರವೇ ಸುಮಾರು ಅರ್ಧ ಮಿಲಿಮೀಟರ್. ಇಪ್ಪತ್ತು ವರ್ಷದಲ್ಲಿ ಕಾಲು ಮಿಲಿಮೀಟರ್ ಸವೆದರೆ ಬಿಲ್ಲೆಗೆ ತಾನು ಎಲ್ಲಿ ನಿಲ್ಲಬೇಕು ಅನ್ನುವುದೇ ತಿಳಿಯದು.

ಓಡುವಾಗ ಕೀ ಕಳಚುವುದೂ ಇದೇ ಕಥೆ. 'ಆನ್' ಜಾಗಕ್ಕೆ ತಿರುಗಿದ ಮೇಲೆ ಬಿಲ್ಲೆಗಳು ಗೂಡಿನ ಗೋಡೆಗೆ ಒತ್ತಿಕೊಂಡು ಮೇಲೆ ಕೆಳಗೆ ಆಡಲಾರವು. ಅವು ಆಡದಿದ್ದರೆ ಕೀಯ ಉಬ್ಬುಗಳು ಕಿಟಕಿ ದಾಟಿ ಹೊರಬರಲಾರವು. ಕೀಯ ಉಬ್ಬು ಉರುಟಾಗಿ, ಕಿಟಕಿಯ ಅಂಚೂ ಉರುಟಾದರೆ ದಾರಿ ಸಲೀಸಾಗುತ್ತದೆ. ಆಮೇಲೆ ಗೊಂಚಲಿನ ಭಾರವೇ ಸಾಕು, ಕೀಯನ್ನು ಎಳೆದು ಕೆಳಗೆ ಹಾಕಲು. ಮನೆ, ಅಂಗಡಿ, ಬೀರು, ತೋಟದ ಗೇಟು ಎಲ್ಲದರ ಕೀಯೂ ಗಾಡಿಯ ಕೀ ಜೊತೆ ತೂಗಾಡುತ್ತಾ ಇಪ್ಪತ್ತು ವರ್ಷ ಮಲೆನಾಡಿನ ರಸ್ತೆಯಲ್ಲಿ ಕುಣಿದಿದೆ ಅಂದುಕೊಳ್ಳಿ. ಲಾಕಿನ ಬಾಯಿ ಮೊಟ್ಟೆಯ ಆಕಾರಕ್ಕೆ ಬಂದಿದ್ದರೆ ಆಶ್ಚರ್ಯವಿಲ್ಲ. ಗೊಂಚಲನ್ನು ಇವತ್ತೇ ಬಿಚ್ಚಿ, ಗಾಡಿಯ ಕೀಯನ್ನು ಒಂಟಿಯಾಗಿ ಇಟ್ಟುಕೊಳ್ಳಿ.

ಈಗ ಮುಖ್ಯ ಪ್ರಶ್ನೆ: ಸವೆದದ್ದು ಕೀಯೋ, ಲಾಕಿನ ಬಿಲ್ಲೆಯೋ? ಇದನ್ನು ಹೇಳುವ ಸಾಕ್ಷಿ ನಿಮ್ಮ ಗಾಡಿಯಲ್ಲೇ ಇದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೂ ಅದೇ ಕೀ ಅಲ್ಲವೇ? ಇಗ್ನಿಷನ್ ದಿನಕ್ಕೆ ಹತ್ತು ಸಲ ತಿರುಗಿದರೆ ಟ್ಯಾಂಕಿನ ಬೀಗ ವಾರಕ್ಕೊಮ್ಮೆ ತಿರುಗುತ್ತದೆ. ಅಲ್ಲಿನ ಬಿಲ್ಲೆಗಳು ಹೆಚ್ಚು ಕಡಿಮೆ ಹೊಸವೇ. ಕೀಯನ್ನು ಟ್ಯಾಂಕಿಗೆ ಹಾಕಿ ನೋಡಿ. ಅಲ್ಲಿ ಬೆಣ್ಣೆಯಂತೆ ತಿರುಗಿದರೆ ಕೀ ಇನ್ನೂ ಬದುಕಿದೆ, ದೋಷ ಇಗ್ನಿಷನ್ ಲಾಕಿನದು. ಅಲ್ಲೂ ಅಲ್ಲಾಡಿಸಲೇಬೇಕಾದರೆ ಕೀ ಸವೆದಿದೆ. (ಮುಚ್ಚಳ ಮಳೆನೀರು ಕುಡಿದು ತುಕ್ಕು ಹಿಡಿದಿದ್ದರೆ ಸಾಕ್ಷಿ ಸುಳ್ಳು ಹೇಳಬಹುದು, ಮೊದಲು ಶುಚಿ ಮಾಡಿಕೊಂಡು ಕೇಳಿ.)

ಎರಡನೆಯ ಸಾಕ್ಷಿ ಮನೆಯ ಬೀರುವಿನಲ್ಲಿದೆ. ಗಾಡಿ ಕೊಂಡಾಗ ಎರಡು ಕೀ ಕೊಟ್ಟಿರುತ್ತಾರೆ. ನಮ್ಮ ಅಪ್ಪಂದಿರ ಪೀಳಿಗೆ ಎರಡನೆಯ ಕೀಯನ್ನು ಆರ್‌ಸಿ, ಇನ್ಶೂರೆನ್ಸ್ ಕಾಗದಗಳ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟಿರುತ್ತದೆ. ಹುಡುಕಿ. ಸಿಕ್ಕರೆ ಅರ್ಧ ಯುದ್ಧ ಗೆದ್ದಂತೆ. ಎರಡೂ ಕೀಗಳನ್ನು ಒಂದರ ಮೇಲೊಂದು ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಬಳಸದ ಕೀಯ ಹಲ್ಲುಗಳಿಗೆ ಮೂಲೆ ಇರುತ್ತದೆ, ಬಳಸಿದ್ದು ಹೊಳೆಯ ಕಲ್ಲಿನಂತೆ ನುಣುಪಾಗಿರುತ್ತದೆ. ನಿಕಲ್ ಲೇಪ ಹೋಗಿ ಹಿತ್ತಾಳೆಯ ಹಳದಿ ಕಾಣುವ ಜಾಗಗಳೇ ಬಿಲ್ಲೆಗಳು ಕೂರುವ ಜಾಗಗಳು. ಆ ಎರಡನೆಯ ಕೀ ಇಗ್ನಿಷನ್ನಿನಲ್ಲಿ ಸಲೀಸಾಗಿ ತಿರುಗಿ, ಎಳೆದರೂ ಬರದಿದ್ದರೆ ಲಾಕ್ ಬಿಚ್ಚುವ ಪ್ರಶ್ನೆಯೇ ಇಲ್ಲ. ಅದರಿಂದ ನಕಲು ಮಾಡಿಸಿ, ನಕಲನ್ನು ಬಳಸಿ, ಅಸಲನ್ನು ಮತ್ತೆ ಬೀರುವಿಗೆ ಹಾಕಿ.

ಕೈಯ ಅನುಭವವೂ ಒಂದಿಷ್ಟು ಹೇಳುತ್ತದೆ. ಪೂರ್ತಿ ತಳ್ಳಿ, ಆಮೇಲೆ ಕೂದಲೆಳೆಯಷ್ಟು ಹಿಂದಕ್ಕೆಳೆದರೆ ತಿರುಗುತ್ತದೆಯೇ? ಹಾಗಾದರೆ ಕೀ ಒಳಗೆ ನಿಲ್ಲಬೇಕಾದ ಜಾಗ ಸವೆದು ಅಗತ್ಯಕ್ಕಿಂತ ಮುಂದೆ ಹೋಗುತ್ತಿದೆ. ಮೇಲಕ್ಕೆ ಒತ್ತಿ ಹಿಡಿದರೆ ತಿರುಗುತ್ತದೆಯೇ? ಹಾಗಾದರೆ ಹಲ್ಲಿನ ಎತ್ತರ ಹೋಗಿದೆ. ಕೀಯ ಎರಡೂ ಅಂಚಿನಲ್ಲಿ ಒಂದೇ ಥರದ ಹಲ್ಲಿದ್ದರೆ ಮಗುಚಿ ಹಾಕಿಯೂ ನೋಡಿ.

ನಕಲು ಮಾಡಿಸುವಾಗ ಜನ ಮಾಡುವ ತಪ್ಪು ಒಂದೇ: ಸವೆದ ಕೀಯನ್ನೇ ಮೆಷಿನ್ನಿಗೆ ಕೊಡುವುದು. ಮೆಷಿನ್ ಪ್ರಾಮಾಣಿಕ, ಸವೆತವನ್ನೂ ಚಾಚೂ ತಪ್ಪದೆ ನಕಲು ಮಾಡುತ್ತದೆ. ಮೇಲೆ ತನ್ನದೊಂದಿಷ್ಟು ತಪ್ಪನ್ನೂ ಸೇರಿಸುತ್ತದೆ. ನಕಲಿನ ನಕಲು, ಅದರ ನಕಲು ಹಿಡಿದು ನಮ್ಮಲ್ಲಿಗೆ ಬರುವವರ ಕೀ ನೋಡಿದರೆ ಯಾವ ಗಾಡಿಯದು ಎಂದೇ ಗುರುತು ಹತ್ತುವುದಿಲ್ಲ. ಎರಡನೆಯ ಕೀ ಕಳೆದುಹೋಗಿದ್ದರೆ ಕೀಯ ಸಂಖ್ಯೆ ಹುಡುಕಿ. ಕೀ ಜೊತೆ ಬಂದ ಪುಟ್ಟ ತಗಡಿನ ಬಿಲ್ಲೆಯ ಮೇಲೋ ಗಾಡಿಯ ಪುಸ್ತಕದಲ್ಲೋ ಬರೆದಿರಬಹುದು. ಅದೂ ಇಲ್ಲವಾದರೆ ಟ್ಯಾಂಕಿನ ಮುಚ್ಚಳವನ್ನೇ ಒಳ್ಳೆಯ ಕೀ ಮಾಡುವವರ ಬಳಿ ಒಯ್ಯಿರಿ. ಅವರು ಅದರ ಸಿಲಿಂಡರ್ ತೆಗೆದು, ಸವೆಯದ ಬಿಲ್ಲೆಗಳಿಗೆ ಹೊಂದುವಂತೆ ಹೊಸ ಕೀಯನ್ನು ಕೈಯಲ್ಲಿ ಕಡೆದು ಕೊಡುತ್ತಾರೆ. ಕೆಲಸ ಬಲ್ಲವರು ಆರ್‌ಸಿ ಕೇಳುತ್ತಾರೆ, ಬೇಸರ ಮಾಡಿಕೊಳ್ಳಬೇಡಿ. ಕೇಳದವರ ಬಳಿ ನಾನಂತೂ ಹೋಗುವುದಿಲ್ಲ. ಇನ್ನೊಂದು, ಹಿತ್ತಾಳೆಯ ಕೀಯನ್ನೇ ಕೇಳಿ ಮಾಡಿಸಿ. ಉಕ್ಕಿನ ಕೀ ತಾನು ಸವೆಯುವುದಿಲ್ಲ, ಬಿಲ್ಲೆಯನ್ನು ತಿನ್ನುತ್ತದೆ. ಬಿಲ್ಲೆಗಿಂತ ಕೀ ಸವೆಯುವುದೇ ನಮಗೆ ಅಗ್ಗ.

ಇನ್ನು ಎಣ್ಣೆಯ ವಿಚಾರ. ಕೊಬ್ಬರಿ ಎಣ್ಣೆ, ಇಂಜಿನ್ ಆಯಿಲ್, ಗ್ರೀಸ್ ಯಾವುದನ್ನೂ ಲಾಕಿನ ಬಾಯಿಗೆ ಬಿಡಬೇಡಿ. ಎರಡು ದಿನ ಚೆನ್ನಾಗಿರುತ್ತದೆ. ಆಮೇಲೆ ಎಣ್ಣೆಗೆ ಧೂಳು ಅಂಟಿ, ಅದಕ್ಕೆ ಹಿತ್ತಾಳೆಯ ಪುಡಿ ಸೇರಿ, ಒಳಗೆ ಉಜ್ಜುವ ಹಿಟ್ಟು ತಯಾರಾಗುತ್ತದೆ. ಮಳೆಗಾಲದ ಲಾಕುಗಳನ್ನು ಬಿಚ್ಚಿದಾಗ ನನಗೆ ಸಿಕ್ಕುವುದು ಹೆಚ್ಚಾಗಿ ಈ ಕಪ್ಪು ಅಂಟೇ. ಅರ್ಧ ಪಾಲು ಗಾಡಿಗಳಲ್ಲಿ ಬಿಲ್ಲೆ ಸವೆದಿರುವುದೇ ಇಲ್ಲ, ಅಂಟಿನಲ್ಲಿ ಹೂತು ಸ್ಪ್ರಿಂಗಿಗೆ ಎತ್ತಲಾಗದೆ ಕೂತಿರುತ್ತದೆ. ಆದ್ದರಿಂದ ಯಾವುದೇ ತೀರ್ಮಾನಕ್ಕೆ ಮೊದಲು ಒಮ್ಮೆ ತೊಳೆಯಿರಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯ ಸಣ್ಣ ನಳಿಕೆಯನ್ನು ಬಾಯಿಗಿಟ್ಟು ಹೊಡೆಯಿರಿ, ಕೀಯನ್ನು ಇಪ್ಪತ್ತು ಮೂವತ್ತು ಸಲ ಒಳಗೆ ಹೊರಗೆ ಆಡಿಸಿ, ಪ್ರತಿ ಸಲವೂ ಬಟ್ಟೆಯಲ್ಲಿ ಒರೆಸಿ. ಕೀ ಶುಭ್ರವಾಗಿ ಹೊರಬರುವವರೆಗೆ ಇದೇ ಕೆಲಸ. ಪೆಟ್ರೋಲ್ ಬೇಡ, ಕೆಳಗಿನ ಪ್ಲಾಸ್ಟಿಕ್ಕಿಗೂ ಒಳ್ಳೆಯದಲ್ಲ, ನಿಮಗೂ ಒಳ್ಳೆಯದಲ್ಲ. ಒಣಗಿದ ಮೇಲೆ ಒಣ ಟೆಫ್ಲಾನ್ ಸ್ಪ್ರೇ ಒಂದು ಚಿಟಿಕೆ. ಪೆನ್ಸಿಲ್ ಗ್ರಾಫೈಟ್ ಪುಡಿ ಮನೆಬಾಗಿಲ ಬೀಗಕ್ಕೆ ಅಮೃತ, ಆದರೆ ಗ್ರಾಫೈಟಿನಲ್ಲಿ ಕರೆಂಟ್ ಹರಿಯುತ್ತದೆ ಎಂಬುದನ್ನು ಮರೆಯಬೇಡಿ. ಕೆಳಗಿನ ಬಾಡಿಗೆದಾರನ ಮೇಲೆ ಅದು ಉದುರಿದರೆ ಹೊಸ ತಲೆನೋವು. ಹಾಕಲೇಬೇಕಾದರೆ ಕೀಯ ಹಲ್ಲಿಗೆ ಪೆನ್ಸಿಲ್ ಗೀಚಿ ತೂರಿಸುವಷ್ಟು ಸಾಕು.

ಈಗ ಕೆಳಗಿನವನ ಸರದಿ. ಗುಂಡಿಯಲ್ಲಿ ಇಂಜಿನ್ ನಿಲ್ಲುವುದನ್ನು ನೀವು ಅರ್ಥ ಮಾಡಿಕೊಳ್ಳಬೇಕಾದರೆ ಈ ಗಾಡಿಯ ಒಂದು ಗುಣ ತಿಳಿದಿರಬೇಕು. ನಿಮ್ಮ ಸ್ಪ್ಲೆಂಡರಿನ ಬ್ಯಾಟರಿ ಸತ್ತಿದ್ದರೂ ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದಲ್ಲವೇ? ಏಕೆಂದರೆ ಸ್ಪಾರ್ಕಿಗೆ ಬೇಕಾದ ಕರೆಂಟ್ ಇಂಜಿನ್ನಿನ ಜೊತೆಯೇ ತಿರುಗುವ ಮ್ಯಾಗ್ನೆಟ್ಟಿನಿಂದ ನೇರ ಬರುತ್ತದೆ, ಬ್ಯಾಟರಿಯಿಂದಲ್ಲ. ಇಗ್ನಿಷನ್ ಲಾಕ್ ಇಲ್ಲಿ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. 'ಆನ್' ಮಾಡಿದಾಗ ಕೆಂಪು ವೈರನ್ನು ಕಪ್ಪು ವೈರಿಗೆ ಸೇರಿಸಿ ಹಾರ್ನ್, ಇಂಡಿಕೇಟರ್, ನ್ಯೂಟ್ರಲ್ ದೀಪಗಳಿಗೆ ಬ್ಯಾಟರಿ ಕರೆಂಟ್ ಕೊಡುತ್ತದೆ. 'ಆಫ್' ಮಾಡಿದಾಗ ಸಿಡಿಐಯಿಂದ (ಸ್ಪಾರ್ಕ್ ಹೊಡೆಸುವ ಎಲೆಕ್ಟ್ರಾನಿಕ್ ಡಬ್ಬಿಯಿಂದ) ಬರುವ ಕಪ್ಪು-ಬಿಳಿ ಪಟ್ಟೆಯ ವೈರನ್ನು ಹಸಿರು ವೈರಿಗೆ, ಅಂದರೆ ಅರ್ತಿಗೆ (ಗಾಡಿಯ ಲೋಹದ ಮೈಗೆ) ಮುಟ್ಟಿಸಿ ಸ್ಪಾರ್ಕನ್ನು ಕೊಲ್ಲುತ್ತದೆ. ಬ್ಯಾಟರಿಯಿಂದಲೇ ಸ್ಪಾರ್ಕಿಗೆ ಕರೆಂಟ್ ಪಡೆಯುತ್ತಿದ್ದ ಹಳೆಯ ಬುಲೆಟ್ಟಿನಲ್ಲಿ ಸಂಪರ್ಕ ಕಡಿದರೆ ಇಂಜಿನ್ ನಿಲ್ಲುತ್ತಿತ್ತು. ಇಲ್ಲಿ ಸಂಪರ್ಕ ಕೂಡಿದರೆ ನಿಲ್ಲುತ್ತದೆ.

ಇದರಿಂದ ರೋಗ ಪತ್ತೆ ಸುಲಭ. ಇಂಜಿನ್ ಗಕ್ಕನೆ ನಿಂತಾಗ ಹಾರ್ನ್ ಒತ್ತಿ ನೋಡಿ. ಹಾರ್ನ್ ಸರಿಯಾಗಿ ಬಡಿದುಕೊಂಡರೆ, ಕಪ್ಪು-ಬಿಳಿ ವೈರಿನ ಕಡೆಯದು ಎಲ್ಲೋ ಅರ್ತಿಗೆ ತಾಗುತ್ತಿರಬಹುದು. ಇಂಜಿನ್ ಓಡುತ್ತಲೇ ಇದ್ದು ಹಾರ್ನ್, ಇಂಡಿಕೇಟರ್ ಮಾತ್ರ ಸತ್ತು ಬದುಕುತ್ತಿದ್ದರೆ ಕೆಂಪು-ಕಪ್ಪಿನ ಸಂಪರ್ಕ ಹೋಗಿದೆ. ಕೀ 'ಆಫ್' ಮಾಡಿದರೂ ಇಂಜಿನ್ ನಿಲ್ಲದಿದ್ದರೆ ಕೊಲ್ಲುವ ಸಂಪರ್ಕವೇ ಸತ್ತಿದೆ ಎಂದರ್ಥ. ಅಂಥ ಹೊತ್ತಿನಲ್ಲಿ ಗಾಬರಿಯಾಗದೆ ಟಾಪ್ ಗೇರಿಗೆ ಹಾಕಿ, ಬ್ರೇಕ್ ಒತ್ತಿ ಹಿಡಿದು ಕ್ಲಚ್ ನಿಧಾನಕ್ಕೆ ಬಿಡಿ, ಇಂಜಿನ್ ತಾನೇ ಕೂರುತ್ತದೆ.

ಆದರೆ ಲಾಕಿಗೆ ಕೈ ಹಾಕುವ ಮೊದಲು ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಸ್ಟಾರ್ಟ್ ಮಾಡಿ, ಕೀಯನ್ನು ಮುಟ್ಟದೆ ಹ್ಯಾಂಡಲನ್ನು ಮಾತ್ರ ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ. ಇಂಜಿನ್ ತಡವರಿಸಿದರೆ ಲಾಕ್ ನಿರಪರಾಧಿ. ಹ್ಯಾಂಡಲಿನ ಕುತ್ತಿಗೆಯ ಬಳಿ ವೈರಿಂಗ್ ದಿನಕ್ಕೆ ನೂರು ಸಲ ಮಡಚಿ ಬಿಚ್ಚಿಕೊಳ್ಳುತ್ತದೆ. ಇಪ್ಪತ್ತು ವರ್ಷದಲ್ಲಿ ಅಲ್ಲಿನ ರಬ್ಬರ್ ಬಿರಿದು, ಒಳಗಿನ ತಾಮ್ರದ ಎಳೆ ಫ್ರೇಮಿಗೆ ತಾಗಿಬಿಡುತ್ತದೆ. ಹೊಸ ಲಾಕ್ ಸೆಟ್ ಹಾಕಿಸಿಯೂ ಗುಂಡಿಯಲ್ಲಿ ನಿಲ್ಲುವ ಗಾಡಿಗಳನ್ನು ಕಂಡಿದ್ದೇನೆ. ಅವುಗಳಲ್ಲಿ ಬಹಳಷ್ಟಕ್ಕೆ ಬೇಕಿದ್ದದ್ದು ಒಂದು ಗೇಣು ವೈರು, ಸ್ವಲ್ಪ ಬೆಸುಗೆ, ವೈರಿನ ಮೇಲೆ ಹೊದಿಸಲು ಒಂದು ಸ್ಲೀವು.

ವೈರಿಂಗ್ ಸರಿಯಿದ್ದರೆ ಹೆಡ್‌ಲೈಟಿನ ಹಿಂದೆ ಲಾಕಿನ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್ಗು) ಸಿಗುತ್ತದೆ. ಅದನ್ನು ಬಿಡಿಸಿ, ಮಲ್ಟಿಮೀಟರನ್ನು ಬೀಪ್ ಜಾಗಕ್ಕಿಟ್ಟು (ಎರಡು ವೈರು ಒಳಗೆ ಕೂಡಿದ್ದರೆ ಅದು ಕೂಗುತ್ತದೆ) ಲಾಕಿನ ಕಡೆಯ ವೈರುಗಳನ್ನು ನೋಡಿ. 'ಆನ್' ಆಗಿದ್ದಾಗ ಕೆಂಪು-ಕಪ್ಪು ಕೂಗಬೇಕು, ಕಪ್ಪು-ಬಿಳಿ ಮತ್ತು ಹಸಿರು ಮೌನವಾಗಿರಬೇಕು. 'ಆಫ್'ನಲ್ಲಿ ಉಲ್ಟಾ. ಬೀಪ್ ಕೇಳುತ್ತಲೇ ಕೀಯನ್ನು ಹೆಬ್ಬೆರಳಿನಿಂದ ನಾಲ್ಕು ದಿಕ್ಕಿಗೂ ಒತ್ತಿ. ಕೂಗು ಕಡಿದು ಕಡಿದು ಬಂದರೆ, ಅಥವಾ ಮೌನವಿರಬೇಕಾದಲ್ಲಿ ಚುಟುಕು ಬೀಪ್ ಕೇಳಿದರೆ ಕಳ್ಳ ಸಿಕ್ಕ.

ಲಾಕ್ ಇರುವುದು ಹ್ಯಾಂಡಲಿನ ಮೇಲಿನ ಪಟ್ಟಿಗೆ, ಬೋಲ್ಟುಗಳು ಕೆಳಗಿನಿಂದ. ಹೆಡ್‌ಲೈಟಿನ ವೈಸರ್ ತೆಗೆದರೆ ಕೈ ಹೋಗುತ್ತದೆ. ಹೊರತೆಗೆದ ಮೇಲೆ ತಳದಲ್ಲಿ ವೈರುಗಳಿರುವ ಪ್ಲಾಸ್ಟಿಕ್ ಬಟ್ಟಲು ಕಾಣುತ್ತದೆ. ಈ ಜಾತಿಯ ಲಾಕುಗಳಲ್ಲಿ ಸಾಮಾನ್ಯವಾಗಿ ಅದನ್ನು ಪಕ್ಕದ ಕಿಂಡಿಗಳಲ್ಲಿ ಸಿಕ್ಕಿಕೊಂಡ ಪುಟ್ಟ ಕೊಂಡಿಗಳು ಹಿಡಿದಿರುತ್ತವೆ. ಕೀಯನ್ನು 'ಆನ್' ಮತ್ತು 'ಆಫ್'ಗಳ ನಡುವೆ ಇಟ್ಟು, ಕೊಂಡಿಗಳನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಒಂದೊಂದಾಗಿ ಒಳಕ್ಕೊತ್ತಿದರೆ ಬಟ್ಟಲು ಕೈಗೆ ಬರುತ್ತದೆ. ಅವಸರ ಮಾಡಿದರೆ ಕೊಂಡಿ ಮುರಿಯುತ್ತದೆ, ಆಮೇಲೆ ಅಂಟು ಹಾಕಿ ನಿಲ್ಲಿಸುವ ಮಾತೆಲ್ಲ ಸುಳ್ಳು. ಒಳಗೆ ತಾಮ್ರದ ಬಿಂದುಗಳು, ಅವುಗಳ ಮೇಲೆ ಜಾರುವ ತಟ್ಟೆ, ಒಂದೆರಡು ಸ್ಪ್ರಿಂಗ್. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಅಗಲವಾದ ಸ್ಟೀಲ್ ತಟ್ಟೆಯ ಮೇಲಿಟ್ಟು ಬಿಚ್ಚಿ. ಒಳಗೆ ಕಾಣುವ ಕಂದು ಪುಡಿ ತಾಮ್ರದ ಸವೆತ ಬೆರೆತ ಹಳೆಯ ಗ್ರೀಸ್. ಅದೇ ಬಿಂದುವಿನಿಂದ ಬಿಂದುವಿಗೆ ಸೇತುವೆ ಕಟ್ಟಿ ಇಂಜಿನ್ ನಿಲ್ಲಿಸುತ್ತಿರಬಹುದು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಬಿಂದುಗಳನ್ನು ಮಕ್ಕಳ ರಬ್ಬರಿನಿಂದ ಉಜ್ಜಿ. ದಪ್ಪ ಎಮರಿ ಕಾಗದ ಬೇಡ. ತೀರಾ ತೆಳುವಾಗಿ ಸಂಪರ್ಕಗಳಿಗೆ ಹಾಕುವ ಗ್ರೀಸ್ ಸವರಿ ಜೋಡಿಸಿ. ಹತ್ತರಲ್ಲಿ ಏಳು ಗಾಡಿಗಳ ಗುಂಡಿಯ ಕಾಯಿಲೆಗೆ ಇಷ್ಟೇ ಔಷಧಿ, ಇದು ನನ್ನ ಕೈ ಲೆಕ್ಕ.

ಒಳ್ಳೆಯ ಕೀ, ತೊಳೆದ ಲಾಕ್, ಆದರೂ ತಿರುಗದು ಎಂದಾದರೆ ಮಾತ್ರ ಬಿಲ್ಲೆಗಳತ್ತ ಹೋಗಬೇಕು. ಸಿಲಿಂಡರ್ ಹೊರಬಂದ ಮೇಲೆ ಸವೆಯದ ಕೀಯನ್ನು ಅದರೊಳಗೆ ತೂರಿಸಿ ಬೆರಳು ಆಡಿಸಿ. ಉಳಿದವು ನುಣುಪಾಗಿದ್ದು ಒಂದೆರಡು ಬಿಲ್ಲೆ ಮಾತ್ರ ಉಗುರಿಗೆ ತಗಲುತ್ತವೆ. ತಗಲಿದ್ದನ್ನು ಅರದಲ್ಲಿ ಸಮ ಮಾಡುವುದು ರಸ್ತೆ ಬದಿಯ ಹಳೆಯ ಉಪಾಯ. ಕೂದಲೆಳೆಯಷ್ಟಾದರೆ ನಾನೂ ಮಾಡಿದ್ದೇನೆ, ತಪ್ಪು ಅನ್ನಲಾರೆ. ಆದರೆ ಸಿಲಿಂಡರಿನ ಮೈಗೆ ಅರ ತಾಗಬಾರದು. ಅದು ಮೆತ್ತನೆಯ ಸತುವಿನ ಮಿಶ್ರಲೋಹ, ಒಮ್ಮೆ ಗೀರಿದರೆ ಗೂಡಿನಲ್ಲಿ ಕಚ್ಚಿಕೊಳ್ಳುತ್ತದೆ. ಸರಿಯಾದ ದಾರಿಯೆಂದರೆ ಅದೇ ಜಾತಿಯ ಬೇರೊಂದು ಲಾಕಿನಿಂದ ಹೊಂದುವ ಬಿಲ್ಲೆ ತೆಗೆದು ಹಾಕುವುದು. ಬಹಳಷ್ಟು ಬಿಲ್ಲೆಗಳ ಮೇಲೆ ಅವುಗಳ ಮೆಟ್ಟಿಲಿನ ಅಂಕಿ ಒತ್ತಿರುತ್ತದೆ, ಒಂದೇ ಅಂಕಿಯದನ್ನು ಹುಡುಕಿದರಾಯಿತು. 'ತೊಂದರೆ ಕೊಡುವ ಬಿಲ್ಲೆಯನ್ನೇ ಕಿತ್ತುಬಿಡೋಣ' ಅನ್ನುವವರಿಗೆ ಒಪ್ಪಬೇಡಿ. ಎರಡು ಬಿಲ್ಲೆ ತೆಗೆದ ಲಾಕಿಗೆ ನಿಮ್ಮ ಊರಿನ ಅರ್ಧ ಸ್ಪ್ಲೆಂಡರುಗಳ ಕೀ ಹೋಗಬಹುದು. ಹಳೆಯ ಜಾವಾಗಳ ಮೊಳೆಯಂಥ ಕೀ ಯಾವ ಜಾವಾಕ್ಕಾದರೂ ಆಗುತ್ತಿತ್ತು, ಆ ಕಾಲ ಬೇರೆ.

ಖರ್ಚಿನ ಲೆಕ್ಕದಲ್ಲಿ ನಿಮ್ಮ ಮೆಕ್ಯಾನಿಕ್ ಹೇಳಿದ್ದು ತಪ್ಪಲ್ಲ. ಹೀರೋ ಮತ್ತು ಹೋಂಡಾ ಬೇರೆಯಾಗಿ 2011ರಲ್ಲಿ ಕಂಪನಿಯ ಹೆಸರೇ ಹೀರೋ ಮೋಟೊಕಾರ್ಪ್ ಆದರೂ ಸ್ಪ್ಲೆಂಡರಿನ ಸಾಮಾನು ಯಾವ ಊರಿನಲ್ಲೂ ಸಿಗುತ್ತದೆ. ಪೂರ್ತಿ ಸೆಟ್ಟಿಗೆ ಒಂದು ಫುಲ್ ಟ್ಯಾಂಕ್ ಪೆಟ್ರೋಲಿನ ಆಚೀಚೆ ಬೀಳುತ್ತದೆ. ಬಿಲ್ಲೆ ಬದಲಾಯಿಸುವ ಕೆಲಸಕ್ಕೆ ಒಂದು ಮಧ್ಯಾಹ್ನವೇ ಹೋಗುತ್ತದೆ, ಅಂಗಡಿಯಲ್ಲಿ ಯಾರೂ ಖುಷಿಯಿಂದ ಮಾಡುವುದಿಲ್ಲ. ಆದರೂ ನಿಮ್ಮ ವಿಷಯದಲ್ಲಿ ನಾನು ಹೀಗೆ ಮಾಡುತ್ತಿದ್ದೆ: ಹೊಸ ಲಾಕ್ ಒಂದನ್ನು ತಂದು, ಅದರ ಬಿಲ್ಲೆಗಳನ್ನು ನಿಮ್ಮ ಬೀರುವಿನ ಕೀಗೆ ಹೊಂದುವಂತೆ ಅದಲು ಬದಲು ಮಾಡಿ ಕೂರಿಸುವುದು. ಟ್ಯಾಂಕು, ಸೈಡ್ ಕವರ್ ಹಳೆಯವೇ ಉಳಿಯುತ್ತವೆ, ಗೂಡು ಹೊಸದಾಗುತ್ತದೆ, ಮೂರಕ್ಕೂ ಒಂದೇ ಕೀ. ಅಪ್ಪನ ಸವೆದ ಕೀಗೆ ಇಗ್ನಿಷನ್ ಕೆಲಸದಿಂದ ನಿವೃತ್ತಿ ಕೊಡಿ. ಟ್ಯಾಂಕಿನಲ್ಲಿ ಅದು ತಿರುಗುವುದಾದರೆ ಪೆಟ್ರೋಲ್ ಹಾಕಿಸುವಾಗ ಅದನ್ನೇ ಬಳಸಿ.

ಕೂರಿಸಿದ ಮೇಲೆ ಹ್ಯಾಂಡಲ್ ಲಾಕ್ ಮರೆಯಬೇಡಿ. ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ, ಕೀ ಒತ್ತಿ ಲಾಕ್ ಮಾಡಿ, ಬಿಡಿಸಿ. ಬಿಡಿಸಿದಾಗ ಒಳಗಿನ ಕಡ್ಡಿ ಪೂರ್ತಿ ಹಿಂದೆ ಸರಿದು, ಹ್ಯಾಂಡಲ್ ಎರಡೂ ಕಡೆ ಎಲ್ಲೂ ತಗಲದೆ ತಿರುಗಬೇಕು. ಹತ್ತು ಸಲ ಹೀಗೆ ಮಾಡಿ ನೋಡದೆ ಗೇಟಿನಿಂದ ಹೊರಗೆ ಹೋಗಬೇಡಿ. ಈಗಿನ ಸವೆದ ಲಾಕಿನಲ್ಲೂ ಹ್ಯಾಂಡಲ್ ಎಲ್ಲಾದರೂ ಸಣ್ಣಗೆ ಹಿಡಿಯುತ್ತಿದೆ ಅನಿಸಿದರೆ ರಿಪೇರಿ ಆಗುವವರೆಗೆ ಗಾಡಿ ಓಡಿಸಲೇಬೇಡಿ.

ಲಾಕ್ ಬದಲಾಯಿಸಿದರೆ ಬಿಲ್ಲನ್ನೂ ಹಳೆಯ ಎರಡೂ ಕೀಗಳನ್ನೂ ಇಟ್ಟುಕೊಳ್ಳಿ. ಗಾಡಿ ಕಳುವಾದರೆ ಇನ್ಶೂರೆನ್ಸಿನವರು ಎರಡು ಕೀ ಕೇಳುತ್ತಾರೆ, ಇಲ್ಲದಿದ್ದರೆ ಸಾವಿರ ಪ್ರಶ್ನೆ. ಕಳಚಿದ ಹಳೆಯ ಲಾಕನ್ನೂ ಗುಜರಿಗೆ ಹಾಕಬೇಡಿ, ಅದರಲ್ಲಿ ಉಳಿದ ಒಳ್ಳೆಯ ಬಿಲ್ಲೆ, ಸ್ಪ್ರಿಂಗುಗಳು ಮುಂದೆ ಟ್ಯಾಂಕಿನ ಮುಚ್ಚಳಕ್ಕೆ ಬೇಕಾಗುತ್ತವೆ.